ಮೂಳೆಯಿಲ್ಲದ ಮುಂಗೈ, ಉಳಿದಿರುವ ಹೆಬ್ಬೆರಳು

ಹಸುಗೂಸಿನ ಎರಡೂ ಮುಂಗೈಗಳು ಗಿಡ್ಡವಾಗಿ ಬಾಗಿದ್ದರೆ ಬಂಧುಗಳು ಮೊದಲು ಹುಡುಕುವುದು ತಾಯಿಯ ತಪ್ಪನ್ನು. ಗ್ರಹಣ ಕಂಡಳೇ, ಏನನ್ನು ತಿಂದಳು ಎಂಬ ವಿಚಾರಣೆಯನ್ನು ನಾವೆಲ್ಲರೂ ಕೇಳಿದ್ದೇವೆ. ವೈದ್ಯರಾದರೋ ಹೆಬ್ಬೆರಳನ್ನು ನೋಡುತ್ತಾರೆ. ಮುಂಗೈಯ ರೇಡಿಯಸ್ ಮೂಳೆ ಇಲ್ಲದೆಯೂ ಹೆಬ್ಬೆರಳು ಉಳಿದಿದ್ದರೆ ಅದು ‘ಟಾರ್ ಸಿಂಡ್ರೋಮ್’ ಇರಬಹುದು. ಹೆಬ್ಬೆರಳೂ ಇಲ್ಲವಾದರೆ ಫ್ಯಾಂಕೋನಿ ರಕ್ತಹೀನತೆಯಂತಹ ಬೇರೆ ವ್ಯಾಧಿಗಳ ಶಂಕೆ.

1969ರಲ್ಲಿ ಈ ಹೆಸರು ಪಡೆದ ವಿರಳ ವ್ಯಾಧಿಯಲ್ಲಿ ಕೈಗಿಂತಲೂ ರಕ್ತದ ಆತಂಕವೇ ಹೆಚ್ಚು. ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್ ಕಣಗಳು ಘನ ಮಿಲಿಮೀಟರಿಗೆ ಒಂದೂವರೆ ಲಕ್ಷವಾದರೂ ಇರಬೇಕಾದಲ್ಲಿ ಹಲವು ಶಿಶುಗಳಲ್ಲಿ 50,000ವೂ ಇರುವುದಿಲ್ಲ. ಮೊದಲ ವರ್ಷ ಮೆದುಳಿನೊಳಗೆ ರಕ್ತ ಸೋರುವ ಭಯ. ಅಗತ್ಯ ಬಿದ್ದಾಗ ದಾನಿಗಳ ಪ್ಲೇಟ್‌ಲೆಟ್ಟೇ ಆಸರೆ. ಆಸ್ಪಿರಿನ್ ಕೊಡಲಾಗದು. ಅನೇಕರಿಗೆ ಹಸುವಿನ ಹಾಲೂ ಒಗ್ಗದು, ಅದರಿಂದ ಕಣಗಳು ಇನ್ನಷ್ಟು ಇಳಿಯಬಹುದು. ಈ ಗಂಡಾಂತರದ ಕಾಲವನ್ನು ದಾಟಿದ ಮಕ್ಕಳಲ್ಲಿ ಸಾಮಾನ್ಯವಾಗಿ ಕಣಗಳ ಸಂಖ್ಯೆ ತಾನಾಗಿಯೇ ಏರುತ್ತದೆ.

ಇನ್ನು ಆ ವಿಚಾರಣೆಯ ಮಾತು. 1ನೆಯ ವರ್ಣತಂತುವಿನ ತುಣುಕೊಂದರ ಕೊರತೆ 2007ರಲ್ಲಿಯೂ, ಅದರ ಜೋಡಿ ವರ್ಣತಂತುವಿನಲ್ಲಿರುವ ಸೂಕ್ಷ್ಮ ವ್ಯತ್ಯಾಸ 2012ರಲ್ಲಿಯೂ ಬೆಳಕಿಗೆ ಬಂದವು. ಬಹುತೇಕ ಎರಡೂ ಕೂಡಿದರೆ ಮಾತ್ರ ವ್ಯಾಧಿ. ಒಂದು ತಂದೆಯ ಕಡೆಯದಾದರೆ ಇನ್ನೊಂದು ತಾಯಿಯ ಕಡೆಯದು. ಗ್ರಹಣಕ್ಕೆ ಇದರಲ್ಲಿ ಪಾಲಿಲ್ಲ.