ಪಾದ ಪಳಗಲು ಕಾಲ ಬೇಕು

ಯುಗಾದಿ ಸಮೀಪಿಸಿತೆಂದರೆ ನಮ್ಮ ಆದೋನಿ, ಎಮ್ಮಿಗನೂರು ಕಡೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ನಡೆದು ಹೊರಟ ಉತ್ತರ ಕರ್ನಾಟಕದ ಭಕ್ತರ ತಂಡಗಳು ಕಾಣುತ್ತವೆ. ಹಲವರದು ಬರಿಗಾಲು. ಹೊಲದಲ್ಲಿ ದುಡಿದ ಪಾದ ಆ ದೂರವನ್ನು ತಾಳುತ್ತದೆ. ಬೂಟಿನೊಳಗೆ ಬೆಳೆದ ಪಾದಕ್ಕೆ ಬೇಗನೆ ಗುಳ್ಳೆ ಏಳುತ್ತದೆ.

ಈ ಪಾಠವನ್ನು ನಮ್ಮ ಶಾಲೆಯ ಹುಡುಗನೊಬ್ಬ ನೋವುಂಡು ಕಲಿತ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ ಕಥೆಯನ್ನು ನನ್ನಿಂದಲೇ ಕೇಳಿ, ಮರುದಿನವೇ ದಪ್ಪ ಬೂಟು ಬಿಟ್ಟು ತೆಳು ಅಟ್ಟೆಯ ಕ್ಯಾನ್ವಾಸಿನಲ್ಲಿ ಹಿಂದಿನಷ್ಟೇ ದೂರ ಓಡತೊಡಗಿದ. ಮೂರೇ ವಾರದಲ್ಲಿ ಪಾದ ಊದಿತು. ಎಲುಬಿನಲ್ಲಿ ಸಣ್ಣ ಬಿರುಕು. ಬಿಕಿಲನ ಕಾಲು ಮೊದಲೇ ಪಳಗಿತ್ತೆಂಬುದನ್ನು ನಾನು ಹೇಳಿರಲಿಲ್ಲ.

ತೆಳು ಅಟ್ಟೆಯಲ್ಲಿ ಓಡಿದರೆ ಮೀನಖಂಡಕ್ಕೂ ಪಾದದ ಎಲುಬುಗಳಿಗೂ ಹೆಚ್ಚು ಭಾರ ಬೀಳುತ್ತದೆ. ಮಾಂಸಖಂಡ ಬೇಗ ಬಲಿಯುತ್ತದೆ, ಎಲುಬು ನಿಧಾನ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 10 ವಾರಗಳಲ್ಲಿ ಇಂಥ ಬೂಟಿಗೆ ಹೊಂದಿಕೊಳ್ಳಲು ಯತ್ನಿಸಿದ 19 ಮಂದಿಯ ಪೈಕಿ 10 ಮಂದಿಯ ಎಲುಬಿನಲ್ಲಿ ಒತ್ತಡದ ಗುರುತು ಕಂಡಿತು.

ಆದ್ದರಿಂದ ಮೊದಲು ಕೆಲವು ವಾರ ನಡಿಗೆ ಮಾತ್ರ. ಅನಂತರ ದಿನ ಬಿಟ್ಟು ದಿನ ಐದು ನಿಮಿಷದ ಓಟ. ಉಳಿದದ್ದು ಹಳೆಯ ಬೂಟಿನಲ್ಲೇ. ಏರಿಕೆ ಕೊಂಚ ಕೊಂಚವೇ ಇರಲಿ. ಹೀಗೆ ಮಾಡಿದರೆ ಪಾದ ಬಲಗೊಳ್ಳುತ್ತದೆ. ಎಲುಬು ಒತ್ತಿದಾಗ ನೋವಾದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇದು ಸಲ್ಲದು.

ಕಂಬಳದ ಗದ್ದೆಯಲ್ಲಿ ಕೋಣಗಳೊಡನೆ ಓಡುವವರನ್ನು ಕಾಸರಗೋಡಿನ ಓದುಗರು ಬಲ್ಲರು. ಆ ಪಾದಗಳೂ ಒಂದು ದಿನದಲ್ಲಿ ಪಳಗಿದವಲ್ಲ. ನಮ್ಮ ಹುಡುಗ ಚೇತರಿಸಿಕೊಂಡಿದ್ದಾನೆ. ಈಗ ದಿನಕ್ಕೆ ಐದು ನಿಮಿಷ ಮಾತ್ರ ಓಡುತ್ತಾನೆ.