ಹಿತ್ತಿಲ ಈಜುಕೊಳಕ್ಕೆ ಕ್ಲೋರಿನ್: ಔಷಧ ಬದಲಿಸುವ ಮುನ್ನ ತಿಳಿಯಬೇಕಾದುದು

ನಿಂತ ನೀರು ತನ್ನಷ್ಟಕ್ಕೆ ತಾನೇ ಶುದ್ಧವಾಗಿ ಉಳಿಯುವುದಿಲ್ಲವೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದ ಸಂಗತಿ. ಆದುದರಿಂದಲೇ ಬಾವಿಯ ಹೂಳೆತ್ತುವುದು, ಬೇಸಿಗೆಯಲ್ಲಿ ಕಲ್ಯಾಣಿಯನ್ನು ಬರಿದು ಮಾಡಿ ತೊಳೆಯುವುದು, ಮಳೆಗಾಲದಲ್ಲಿ ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು ಊರಿನ ವಾಡಿಕೆಯ ಕೆಲಸಗಳಾದವು. ಅದೇ ಪ್ರಶ್ನೆ ಇಂದು ಬೇರೊಂದು ರೂಪದಲ್ಲಿ ನಮ್ಮ ಎಷ್ಟೋ ಓದುಗರ ಕುಟುಂಬಗಳನ್ನು ತಲುಪಿದೆ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಯ ಹಿತ್ತಿಲಿನಲ್ಲಿ ಈಜುಕೊಳವಿರುತ್ತದೆ. ಬೇಸಿಗೆಯ ರಜೆಯಲ್ಲಿ ಮೊಮ್ಮಕ್ಕಳು ದಿನವಿಡೀ ಅದರಲ್ಲಿ ಆಡುತ್ತಾರೆ. ಇಲ್ಲಿಂದ ಹೋದ ಅಜ್ಜ ಅಜ್ಜಿಯರು ದಡದಲ್ಲಿ ಕುಳಿತು ಕಾಯುತ್ತಾರೆ. ಆ ನೀರಿಗೆ ಏನನ್ನು ಹಾಕುತ್ತಾರೆ, ಏಕೆ ಹಾಕುತ್ತಾರೆ, ಒಂದು ಔಷಧವನ್ನು ಬಿಟ್ಟು ಇನ್ನೊಂದಕ್ಕೆ ಬದಲಿಸುವಾಗ ಯಾವ ಎಚ್ಚರ ಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ನೀರಿಗೆ ಔಷಧವೇಕೆ?

ಈಜುವವರ ಮೈಯಿಂದ ಬೆವರು, ಎಣ್ಣೆ, ಚರ್ಮದ ಹೊಟ್ಟು ಮತ್ತು ಕಣ್ಣಿಗೆ ಕಾಣದಷ್ಟು ಮಲದ ಅಂಶ ನೀರಿಗೆ ಸೇರುತ್ತವೆ. ಈಜುವಾಗ ಎಲ್ಲರೂ, ಅದರಲ್ಲೂ ಮಕ್ಕಳು, ತಿಳಿಯದೆಯೇ ಸ್ವಲ್ಪ ನೀರು ನುಂಗುತ್ತಾರೆ. ಹೀಗಾಗಿ ಒಬ್ಬರ ಹೊಟ್ಟೆಯ ರೋಗ ಇನ್ನೊಬ್ಬರ ಹೊಟ್ಟೆಗೆ ಸೇರಲು ಕೊಳವೇ ದಾರಿಯಾಗುತ್ತದೆ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರಿ ಮಾರಕವಾದ ಜ್ವರವನ್ನುಂಟುಮಾಡುತ್ತದೆ. 2024ರಲ್ಲಿ ನೆರೆಯ ಕೇರಳದಲ್ಲಿ ಮಕ್ಕಳು ಈ ರೋಗಕ್ಕೆ ಬಲಿಯಾದುದನ್ನು ಓದುಗರು ಮರೆತಿರಲಾರರು. ತಕ್ಕ ಪ್ರಮಾಣದ ಕ್ಲೋರಿನ್ ಇರುವ ನೀರಿನಲ್ಲಿ ಈ ಜೀವಿ ಉಳಿಯುವುದಿಲ್ಲ.

ಕ್ಲೋರಿನ್ನಿನ ಈ ಶಕ್ತಿ ಜಗತ್ತಿಗೆ ತಿಳಿದು ನೂರು ವರ್ಷಗಳಿಗೂ ಮೇಲಾಯಿತು. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಷಮಶೀತ ಜ್ವರ ಹಬ್ಬಿದಾಗ ಕುಡಿಯುವ ನೀರಿಗೆ ಕ್ಲೋರಿನ್ ಸೇರಿಸಲಾಯಿತು. 1908ರಲ್ಲಿ ಡಾ. ಜಾನ್ ಲೀಲ್ ಅವರು ಅಮೆರಿಕದ ಜರ್ಸಿ ಸಿಟಿಯ ನೀರಿಗೆ ನಿರಂತರವಾಗಿ ಕ್ಲೋರಿನ್ ಸೇರಿಸುವ ವ್ಯವಸ್ಥೆಯನ್ನು ಮಾಡಿದರು. ಅದನ್ನು ಅನುಸರಿಸಿದ ನಗರಗಳಲ್ಲಿ ವಿಷಮಶೀತ ಜ್ವರದ ಹಾವಳಿ ತಗ್ಗಿತು. ನಮ್ಮ ಊರುಗಳ ನಲ್ಲಿಯ ನೀರಿನಲ್ಲಿ ಒಮ್ಮೊಮ್ಮೆ ಬರುವ ಘಾಟಿನ ಹಿಂದೆ ಇರುವುದು ಇದೇ ವಿದ್ಯೆ.

ಬೈಗ್ವನೈಡ್ ಎಂಬ ಇನ್ನೊಂದು ದಾರಿ

ಎಲ್ಲ ಕೊಳಗಳಿಗೂ ಕ್ಲೋರಿನ್ ಹಾಕುವುದಿಲ್ಲ. ಅಮೆರಿಕದ ಹಲವು ಮನೆಗಳಲ್ಲಿ ಬೈಗ್ವನೈಡ್ ವರ್ಗಕ್ಕೆ ಸೇರಿದ, ಪಿಎಚ್‌ಎಂಬಿ ಎಂಬ ಚಿಕ್ಕ ಹೆಸರಿನ ದ್ರವವನ್ನು ಬಳಸುತ್ತಾರೆ. ಇದರ ಗುಣಗಳನ್ನು ಮೊದಲು ಹೇಳಬೇಕು. ಇದಕ್ಕೆ ಘಾಟಿಲ್ಲ, ಬಟ್ಟೆಯ ಬಣ್ಣ ಹೋಗುವುದಿಲ್ಲ, ಬಿಸಿಲಿಗೆ ಬೇಗ ಕರಗಿಹೋಗುವುದಿಲ್ಲ. ಇದೇ ವಸ್ತುವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕಣ್ಣಿನ ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣಗಳಲ್ಲಿಯೂ ಬಳಸಲಾಗುತ್ತದೆ.

ಆದರೆ ಇದು ಕೊಳೆಯನ್ನು ಸುಡುವ ವಸ್ತುವಲ್ಲ. ಬೆವರು, ಎಣ್ಣೆ ಮೊದಲಾದವನ್ನು ನಾಶಮಾಡಲು ಹೈಡ್ರೋಜನ್ ಪೆರಾಕ್ಸೈಡನ್ನೂ, ಪಾಚಿಯನ್ನು ತಡೆಯಲು ಮತ್ತೊಂದು ಔಷಧವನ್ನೂ ಜೊತೆಗೆ ಹಾಕಬೇಕು. ಮೂರು ಔಷಧಗಳ ಬೆಲೆ ಸೇರಿ ಖರ್ಚು ಏರುತ್ತದೆ. ಕೆಲವು ವರ್ಷ ಬಳಸಿದ ಮೇಲೆ ಹಲವು ಕೊಳಗಳಲ್ಲಿ ಬಿಳಿಯ ಬೂಷ್ಟು ಅಥವಾ ಗುಲಾಬಿ ಬಣ್ಣದ ಲೋಳೆ ಕಾಣಿಸಿಕೊಳ್ಳುತ್ತದೆ. ಔಷಧಕ್ಕೆ ಬಗ್ಗದ ಜೀವಿಗಳು ಕೊಳವೆಗಳ ಒಳಗೆ, ಏಣಿಯ ಹಿಂದೆ, ಮರಳಿನ ಶೋಧಕದಲ್ಲಿ ಮನೆಮಾಡಿಕೊಂಡುದರ ಗುರುತು ಅದು. ಆಗಲೇ ಮನೆಯವರು ಕ್ಲೋರಿನ್ನಿಗೆ ಬದಲಾಗುವ ಯೋಚನೆ ಮಾಡುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಈ ಎರಡು ಔಷಧಗಳು ಒಂದಕ್ಕೊಂದು ಕೂಡುವುದಿಲ್ಲ. ಬೈಗ್ವನೈಡ್ ಇರುವ ನೀರಿಗೆ ಕ್ಲೋರಿನ್ ಬಿದ್ದರೆ ನೀರು ಹಸಿರು, ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾದ ಗಸಿ ಏಳುತ್ತದೆ. ಉಳಿದಿರುವ ಪೆರಾಕ್ಸೈಡ್ ಕೂಡ ಕ್ಲೋರಿನ್ನನ್ನು ತಿಂದುಹಾಕುತ್ತದೆ. ಆದುದರಿಂದ ಇಂದು ಅದನ್ನು ನಿಲ್ಲಿಸಿ ನಾಳೆ ಇದನ್ನು ಹಾಕಿ ಮಕ್ಕಳನ್ನು ನೀರಿಗಿಳಿಸುವ ಕೆಲಸ ಇದಲ್ಲ. ಕೆಲವು ದಿನಗಳಿಂದ ಒಂದೆರಡು ವಾರಗಳವರೆಗೆ ಕೊಳವನ್ನು ಮುಚ್ಚಿ ಮಾಡಬೇಕಾದ ಕೆಲಸ.

ಬದಲಾವಣೆಯ ಕ್ರಮ

ಚಳಿಗಾಲ ಕಳೆದು ಕೊಳವನ್ನು ಮತ್ತೆ ತೆರೆಯುವ ವಸಂತದ ದಿನಗಳು ಈ ಕೆಲಸಕ್ಕೆ ಉತ್ತಮ. ಈಜುವವರಿಗೆ ಆಗ ಅವಸರವಿರುವುದಿಲ್ಲ. ತಣ್ಣೀರಿನಲ್ಲಿ ಪಾಚಿಯ ಬೆಳವಣಿಗೆಯೂ ನಿಧಾನ.

ಮೊದಲು ಹಳೆಯ ಔಷಧವನ್ನು ಹಾಕುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕು. ನೀರಿನ ಒಂದು ಪಾಲನ್ನು ತೆಗೆದು ಹೊಸ ನೀರು ತುಂಬಿದರೆ ಹಳೆಯ ಔಷಧದ ಅಂಶ ಅಷ್ಟರಮಟ್ಟಿಗೆ ತಗ್ಗಿ, ಕ್ಲೋರಿನ್ನಿನ ಖರ್ಚು ಉಳಿಯುತ್ತದೆ. ಆದರೆ ಕೊಳವನ್ನು ಪೂರ್ತಿ ಬರಿದು ಮಾಡುವ ಸಾಹಸ ಬೇಡ. ನೆಲದಡಿಯ ನೀರಿನ ಒತ್ತಡಕ್ಕೆ ಬರಿಯ ತೊಟ್ಟಿ ಮೇಲಕ್ಕೆದ್ದು ಬಿರುಕು ಬಿಡಬಹುದು; ಪ್ಲಾಸ್ಟಿಕ್ ಹೊದಿಕೆಯ ಕೊಳವಾದರೆ ಹೊದಿಕೆ ಸೆಟೆದುಕೊಂಡು ಹರಿಯಬಹುದು. ತೆಗೆದ ನೀರನ್ನು ಹಳ್ಳಕ್ಕೋ ಕೆರೆಗೋ ಬಿಡಬಾರದು. ಊರಿನ ನಿಯಮದಂತೆ ವಿಲೇವಾರಿ ಮಾಡಬೇಕು. ಮೀನು ಮೊದಲಾದ ಜಲಚರಗಳಿಗೆ ಈ ಎರಡು ಔಷಧಗಳೂ ವಿಷವೇ.

ಎರಡನೆಯದಾಗಿ ನೀರಿನ ಪಿಎಚ್ ಅನ್ನು 7.2ರ ಆಸುಪಾಸಿಗೆ ತರಬೇಕು. ಇದನ್ನು ಕ್ಲೋರಿನ್ ಹಾಕುವ ಮುನ್ನವೇ ಮಾಡಬೇಕು, ಏಕೆಂದರೆ ಕ್ಲೋರಿನ್ ಬಹಳ ಏರಿದಾಗ ಪಿಎಚ್ ಪರೀಕ್ಷೆಯ ಬಣ್ಣವನ್ನು ನಂಬುವಂತಿಲ್ಲ. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪಗಳಲ್ಲಿ ಇರುತ್ತದೆ. ಅವುಗಳಲ್ಲಿ ಹೈಪೋಕ್ಲೋರಸ್ ಆಮ್ಲವೇ ರೋಗಾಣುಗಳನ್ನು ಬೇಗ ಕೊಲ್ಲುವಂಥದು. ಪಿಎಚ್ 7.2 ಇದ್ದಾಗ ಸುಮಾರು ಮೂರರಲ್ಲಿ ಎರಡು ಪಾಲು, 7.5 ಇದ್ದಾಗ ಅರ್ಧ, 7.8 ಇದ್ದಾಗ ಮೂರನೆಯ ಒಂದು ಪಾಲು ಮಾತ್ರ ಆ ರೂಪದಲ್ಲಿರುತ್ತದೆ. ಒಂದೇ ಅಳತೆಯ ಔಷಧ ಒಂದು ಕೊಳದಲ್ಲಿ ಫಲಿಸಿ ಇನ್ನೊಂದರಲ್ಲಿ ಫಲಿಸದಿರಲು ಇದೂ ಒಂದು ಕಾರಣ.

ಮೂರನೆಯದಾಗಿ ದ್ರವರೂಪದ ಕ್ಲೋರಿನ್, ಎಂದರೆ ಸೋಡಿಯಂ ಹೈಪೋಕ್ಲೋರೈಟ್, ಹಾಕಿ ನೀರಿನ ಮಟ್ಟವನ್ನು ಸುಮಾರು 15 ಪಿಪಿಎಂಗೆ ಏರಿಸಬೇಕು. ಪಿಪಿಎಂ ಎಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ. 50,000 ಲೀಟರಿನ ಕೊಳದಲ್ಲಿ 1 ಪಿಪಿಎಂ ಏರಿಸಲು 50 ಗ್ರಾಂ ಕ್ಲೋರಿನ್ ಬೇಕು. ಶೇಕಡಾ 10ರ ದ್ರವದಲ್ಲಿ ಅದು ಸುಮಾರು ಅರ್ಧ ಲೀಟರ್. ಈ ಲೆಕ್ಕದಲ್ಲಿ 15 ಪಿಪಿಎಂಗೆ ಏಳೂವರೆ ಲೀಟರ್ ಆಗುತ್ತದೆ. ಆದರೆ ಹಳೆಯ ಔಷಧ ಈ ಕ್ಲೋರಿನ್ನನ್ನು ಗಂಟೆಯೊಳಗೆ ನುಂಗಿಬಿಡಬಹುದು. ಗಂಟೆಗೊಮ್ಮೆ ಅಳೆದು, ಇಳಿದಷ್ಟನ್ನು ಮತ್ತೆ ಸೇರಿಸುತ್ತಿರಬೇಕು. ಮೊದಲ ದಿನ ನೀರಿನ ಬಣ್ಣ ಕೆಟ್ಟುದನ್ನು ಕಂಡು ಗಾಬರಿಯಾಗಿ ಕೆಲಸ ಕೈಬಿಡಬಾರದು. ಗಸಿ ಏಳುವುದೇ ಹಳೆಯ ಔಷಧ ನಾಶವಾಗುತ್ತಿರುವ ಲಕ್ಷಣ.

ಅಳೆಯುವ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಗುಲಾಬಿ ಬಣ್ಣ ತೋರಿಸುವ ಸಾಮಾನ್ಯ ಪರೀಕ್ಷೆಯಲ್ಲಿ ಕ್ಲೋರಿನ್ ಅತಿಯಾದಾಗ ಬಣ್ಣವೇ ಮಾಯವಾಗಿ, ಕ್ಲೋರಿನ್ ಇಲ್ಲವೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಹನಿ ಹನಿಯಾಗಿ ದ್ರವ ಬಿಟ್ಟು ಬಣ್ಣ ಹೋಗುವವರೆಗೆ ಎಣಿಸುವ ಪರೀಕ್ಷೆಯ ಪೆಟ್ಟಿಗೆಯನ್ನೇ ಕೊಳ್ಳಬೇಕು.

ಈ ದಿನಗಳಲ್ಲಿ ಪಂಪು ಹಗಲಿರುಳು ಓಡಬೇಕು. ಶೋಧಕವನ್ನು ಪದೇ ಪದೇ ತೊಳೆಯಬೇಕು. ಗೋಡೆ, ಮೆಟ್ಟಿಲು, ಏಣಿ, ದೀಪದ ಸಂದುಗಳನ್ನೆಲ್ಲ ಬ್ರಷ್ಷಿನಿಂದ ಉಜ್ಜಬೇಕು. ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುವ ಸಯನ್ಯೂರಿಕ್ ಆಮ್ಲವನ್ನು ಈ ಹಂತದಲ್ಲಿ ಸೇರಿಸಬಾರದು. ಅದು ಕ್ಲೋರಿನ್ನಿನ ವೇಗವನ್ನು ತಗ್ಗಿಸುತ್ತದೆ.

ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ? ನೀರು ತಳ ಕಾಣುವಷ್ಟು ತಿಳಿಯಾಗಬೇಕು. ಸೂರ್ಯ ಮುಳುಗಿದ ಮೇಲೆ ಅಳೆದ ಕ್ಲೋರಿನ್ ಮಟ್ಟ ಮರುದಿನ ಸೂರ್ಯೋದಯಕ್ಕೆ ಮುನ್ನ 1 ಪಿಪಿಎಂಗಿಂತ ಹೆಚ್ಚು ಇಳಿದಿರಬಾರದು. ರಾತ್ರಿ ಬಿಸಿಲಿಲ್ಲ, ಆದರೂ ಕ್ಲೋರಿನ್ ಕಡಿಮೆಯಾದರೆ ಅದನ್ನು ತಿನ್ನುವ ವಸ್ತು ಇನ್ನೂ ನೀರಿನಲ್ಲಿದೆ ಎಂದೇ ಅರ್ಥ. ಈ ಪರೀಕ್ಷೆಯಲ್ಲಿ ಗೆದ್ದ ಮೇಲೆ ಶೋಧಕದ ಮರಳನ್ನು ಪೂರ್ತಿ ಬದಲಿಸಬೇಕು. ಹಳೆಯ ಔಷಧದ ಅಂಟು ಮರಳಿನಲ್ಲಿ ಉಳಿದಿದ್ದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಅನಂತರ ಸಯನ್ಯೂರಿಕ್ ಆಮ್ಲವನ್ನು ಸುಮಾರು 30 ಪಿಪಿಎಂ ಸೇರಿಸಿ, ಕ್ಲೋರಿನ್ ನಿತ್ಯದ ಮಟ್ಟಕ್ಕೆ ಇಳಿದ ಮೇಲೆಯೇ ಮಕ್ಕಳನ್ನು ನೀರಿಗೆ ಬಿಡಬೇಕು.

ನಿತ್ಯದ ಪಾಲನೆ

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ ಈಜುಕೊಳದಲ್ಲಿ ಕನಿಷ್ಠ 1 ಪಿಪಿಎಂ, ಸಯನ್ಯೂರಿಕ್ ಆಮ್ಲ ಬಳಸಿದ್ದರೆ ಕನಿಷ್ಠ 2 ಪಿಪಿಎಂ ಕ್ಲೋರಿನ್ ಇರಬೇಕು, ಪಿಎಚ್ 7.0ರಿಂದ 7.8ರೊಳಗೆ ಇರಬೇಕು. ಅಷ್ಟಿದ್ದರೆ ಅಪಾಯಕಾರಿ ಇ-ಕೋಲಿ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ, ಹೆಪಟೈಟಿಸ್ ಎ ವೈರಸ್ ಸುಮಾರು 16 ನಿಮಿಷಗಳಲ್ಲಿ, ಜಿಯಾರ್ಡಿಯಾ ಸುಮಾರು 45 ನಿಮಿಷಗಳಲ್ಲಿ ಸಾಯುತ್ತವೆ. ಆದರೆ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಹತ್ತು ದಿನಗಳಿಗೂ ಮೇಲೆ ಬದುಕಿರಬಲ್ಲದು. ಕ್ಲೋರಿನ್ ಸರ್ವರೋಗಕ್ಕೂ ಮದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಭೇದಿಯಾಗುತ್ತಿರುವವರು ನೀರಿಗಿಳಿಯಬಾರದು, ಈ ಪರಾವಲಂಬಿಯಿಂದ ಭೇದಿಯಾಗಿದ್ದರೆ ಅದು ನಿಂತ ಮೇಲೆಯೂ ಎರಡು ವಾರ ದೂರವಿರಬೇಕು. ಇಲ್ಲಿ ಔಷಧಕ್ಕಿಂತ ಮನೆಯವರ ಸಂಯಮವೇ ದೊಡ್ಡ ರಕ್ಷಣೆ.

ಕಣ್ಣುರಿ, ಘಾಟು ಬಂದರೆ ಕ್ಲೋರಿನ್ ಹೆಚ್ಚಾಯಿತೆಂದು ಹಲವರು ಭಾವಿಸುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದು ಬೆವರು, ಮೂತ್ರಗಳೊಡನೆ ಕೂಡಿದ ಕ್ಲೋರಿನ್ನಿನಿಂದ ಹುಟ್ಟುವ ಕ್ಲೋರಮೈನಿನ ಘಾಟು. ನೀರಿಗಿಳಿಯುವ ಮುನ್ನ ಒಂದು ನಿಮಿಷ ಮೈ ತೊಳೆದುಕೊಳ್ಳುವುದು, ಚಿಕ್ಕ ಮಕ್ಕಳನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯುವುದು ಇದಕ್ಕೆ ಸುಲಭವಾದ ಪರಿಹಾರ.

ಜೀವಕ್ಕೆ ಎರವಾಗುವ ತಪ್ಪುಗಳು

ಕ್ಲೋರಿನ್ ದ್ರವಕ್ಕೆ ಆಮ್ಲ ಬೆರೆತರೆ ವಿಷಾನಿಲ ಏಳುತ್ತದೆ. ಒಂದೆರಡು ಉಸಿರಿಗೇ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಪಿಎಚ್ ಇಳಿಸುವ ಆಮ್ಲವನ್ನೂ ಕ್ಲೋರಿನ್ನನ್ನೂ ಬೇರೆ ಬೇರೆ ಸ್ಥಳಗಳಲ್ಲಿಡಬೇಕು, ಬೇರೆ ಬೇರೆ ಹೊತ್ತಿನಲ್ಲಿ ನೀರಿಗೆ ಹಾಕಬೇಕು. ಕ್ಲೋರಿನ್ ಬಿಲ್ಲೆಗಳಲ್ಲಿಯೂ ಎರಡು ಜಾತಿಗಳುಂಟು: ಟ್ರೈಕ್ಲೋರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಇವೆರಡೂ ಒಂದೇ ಪಾತ್ರೆಯಲ್ಲಿ ಸೇರಿದರೆ ಬೆಂಕಿ ಹತ್ತಿ ಸಿಡಿಯಬಹುದು. ಒಂದಕ್ಕೆ ಬಳಸಿದ ಚಮಚವನ್ನು ಇನ್ನೊಂದಕ್ಕೆ ಅದ್ದಬಾರದು. ಔಷಧವನ್ನು ನೀರಿಗೆ ಸೇರಿಸಬೇಕೇ ಹೊರತು ಔಷಧದ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಧರಿಸಿ, ಗಾಳಿಯಾಡುವ ಕಡೆ ನಿಂತು, ಮಕ್ಕಳು ಹತ್ತಿರವಿಲ್ಲದಾಗ ಈ ಕೆಲಸ ಮಾಡಬೇಕು. ಉಳಿದ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡುವ ಅಭ್ಯಾಸ ಎಂದಿಗೂ ಕೂಡದು. ಅನಿಲ ಸೇವಿಸಿ ಕೆಮ್ಮು, ಉಬ್ಬಸ ಬಂದರೆ ಕೂಡಲೇ ತೆರೆದ ಗಾಳಿಗೆ ಬಂದು, ಅಮೆರಿಕದಲ್ಲಾದರೆ 911ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ, ದಡದಲ್ಲಿ ಕುಳಿತು ಕಾಯುವ ಹಿರಿಯರಿಗೆ ಒಂದು ವಿನಂತಿ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದೇ ಮೊದಲ ಕಾರಣ. ಮುಳುಗುವ ಮಗು ಕೂಗುವುದಿಲ್ಲ. ಸದ್ದಿಲ್ಲದೆ ಕ್ಷಣಗಳಲ್ಲಿ ಕೆಳಗಿಳಿಯುತ್ತದೆ. ನೀರು ಕಲಕಿದ್ದು ತಳ ಕಾಣದಿದ್ದರೆ, ಕ್ಲೋರಿನ್ ಎಷ್ಟೇ ಸರಿಯಾಗಿರಲಿ, ಅಂದು ಕೊಳದ ಬಾಗಿಲು ತೆರೆಯಬಾರದು. ನೀರು ತಿಳಿಯಾಗಿದ್ದಾಗಲೂ ಮಗುವಿನ ಮೇಲಿಟ್ಟ ಕಣ್ಣನ್ನು ಫೋನಿನ ಕಡೆಗೆ ಹೊರಳಿಸಬಾರದು. ಎದ್ದು ಒಳಗೆ ಹೋಗಬೇಕಾಗಿ ಬಂದರೆ ಕಾಯುವ ಹೊಣೆಯನ್ನು ಇನ್ನೊಬ್ಬ ದೊಡ್ಡವರಿಗೆ ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಅಂಥವರು ಇಲ್ಲದಿದ್ದರೆ ಮಕ್ಕಳನ್ನು ನೀರಿನಿಂದ ಮೇಲಕ್ಕೆ ಕರೆದುಕೊಂಡೇ ಹೋಗಬೇಕು.