ಹುಂಜವೋ ಹೇಂಟೆಯೋ?

ಜನವರಿಯಲ್ಲಿ ನಡೆಯುವ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ಬೆಂಡು ಬತ್ತಾಸಿನ ಅಂಗಡಿಗಳ ಸಾಲು ಮುಗಿಯುವೆಡೆ ಒಬ್ಬಾತ ಬುಟ್ಟಿಯ ತುಂಬ ಕೋಳಿಮರಿಗಳನ್ನಿಟ್ಟುಕೊಂಡು ಕುಳಿತಿದ್ದ. ಒಂದು ಗುಲಾಬಿ, ಒಂದು ಹಸುರು, ಇನ್ನೊಂದು ನೀಲಿ! ಇದು ಬಣ್ಣದ ನೀರಿನಲ್ಲಿ ಅದ್ದಿ ತೆಗೆದ ಅಲಂಕಾರವೆಂಬುದು ಯಾರಿಗಾದರೂ ತಿಳಿಯುವ ಸಂಗತಿ. ಆದರೂ ಬಸವಕಲ್ಯಾಣದಿಂದ ಬಂದಿದ್ದ ನಮ್ಮ ಸೋದರತ್ತೆಯವರು, ಇವು ಗಿರಿರಾಜ ಜಾತಿಯವು, ಆರು ತಿಂಗಳಿಗೆ ಮೊಟ್ಟೆಯಿಡುವುವು ಎಂಬ ಅವನ ಮಾತನ್ನು ನಂಬಿ ಎಂಟು ಮರಿಗಳನ್ನು ಕೊಂಡರು. ಮೊಟ್ಟೆ ಮಾರಿ ಕೈಖರ್ಚಿಗೆ ನಾಲ್ಕು ಕಾಸು ಮಾಡಿಕೊಳ್ಳುವ ಎಣಿಕೆ ಅವರದು.

ಎರಡು ಮರಿಗಳು ಮೊದಲ ವಾರವೇ ಚಳಿಗೆ ಸತ್ತವು. ಹೊಸ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಷ್ಟು ಚಿಕ್ಕ ಮೈಯಲ್ಲಿ ಗಾತ್ರಕ್ಕೆ ಹೋಲಿಸಿದರೆ ಹೊರಮೈಯೇ ಹೆಚ್ಚಾದುದರಿಂದ ಶಾಖ ಬೇಗನೆ ಸೋರಿಹೋಗುತ್ತದೆ. ಉಳಿದ ಆರೂ ಬೆಳೆದು, ಬಿಳಿಯ ಮೈ, ಕೆಂಪು ಒಂಟಿ ಜುಟ್ಟಿನ ಹುಂಜಗಳಾಗಿ ಬೆಳಗಿನ ಜಾವ ಒಟ್ಟಿಗೆ ಕೂಗತೊಡಗಿದವು. "ನಮ್ ನಸೀಬೇ ಹೀಂಗ, ಏನ್ ಮಾಡ್ಲಿ ತಮ್ಮಾ?" ಎಂದರು ಅತ್ತೆ.

ಭೌತವಿಜ್ಞಾನವನ್ನು ಬೋಧಿಸುವ ನನಗೆ ನಸೀಬಿಗಿಂತ ಲೆಕ್ಕದಲ್ಲಿ ನಂಬಿಕೆ ಹೆಚ್ಚು. ಒಂದು ಮರಿ ಹುಂಜವಾಗುವ ಸಂಭವ 1/2. ಆರಕ್ಕೆ ಆರೂ ಹುಂಜಗಳಾಗುವ ಸಂಭವ 1/2ನ್ನು ಆರು ಸಲ ಗುಣಿಸಿದಷ್ಟು, ಅಂದರೆ 1/64. ಇದು ಅಪರೂಪ, ಆದರೆ ಅಸಾಧ್ಯವೇನಲ್ಲ. ಅದೇ ಬುಟ್ಟಿಯಿಂದ ನೆರೆಮನೆಯವರು ಕೊಂಡ ನಾಲ್ಕೂ ಹುಂಜಗಳೇ ಆದುವೆಂದು ತಿಳಿದಾಗ ಸಂಭವ 1/1024ಕ್ಕೆ ಇಳಿಯಿತು. ಇಷ್ಟಾದ ಮೇಲೆ ದೈವವನ್ನು ದೂರುವುದು ನ್ಯಾಯವಲ್ಲ. ಬುಟ್ಟಿಗೆ ಬರುವ ಮೊದಲೇ ಯಾರೋ ಹೇಂಟೆಗಳನ್ನು ಆರಿಸಿಕೊಂಡುಬಿಟ್ಟಿದ್ದರು!

ಯಾರೆಂದರೆ, ಮೊಟ್ಟೆಗಾಗಿ ಲೆಗಾರ್ನ್ ಕೋಳಿಗಳ ಮರಿ ಮಾಡಿಸುವವರು. ಈ ಜಾತಿಯ ಹುಂಜ ಮೊಟ್ಟೆಯಿಡದು, ಮಾಂಸವೂ ಅದರಲ್ಲಿ ಕಡಮೆ. ಆದುದರಿಂದ ಒಂದು ದಿನದ ಹುಂಜಮರಿಗಳನ್ನು ಕೊಲ್ಲುವುದುಂಟು, ಅಗ್ಗಕ್ಕೆ ಮಾರಿಬಿಡುವುದೂ ಉಂಟು. ಜರ್ಮನಿಯಲ್ಲಿ ಈ ಕೊಲೆಯನ್ನು 2022ರ ಜನವರಿ 1ರಿಂದ ಕಾನೂನು ನಿಷೇಧಿಸಿದೆ. ಅಲ್ಲಿ ಮೊಟ್ಟೆಯೊಳಕ್ಕೆ ಬೆಳಕು ಹಾಯಿಸಿ, ಹದಿಮೂರನೆಯ ದಿನದ ಭ್ರೂಣದ ತುಪ್ಪಳದ ಬಣ್ಣವನ್ನು ರೋಹಿತದಿಂದ ಗುರುತಿಸುವ ಯಂತ್ರಗಳೂ ಬಂದಿವೆ.

ಒಂದು ದಿನದ ಮರಿಯಲ್ಲಿ ಲಿಂಗವನ್ನು ಗುರುತಿಸುವುದು ಹೇಗೆ? 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಹಾಶಿಮೊಟೊ ಎಂಬ ವಿಜ್ಞಾನಿಗಳು, ಮರಿಯ ಮಲದ್ವಾರವನ್ನು ಮೃದುವಾಗಿ ಒತ್ತಿ ಒಳಗಿನ ಸೂಕ್ಷ್ಮ ಗುಬುಟನ್ನು ನೋಡುವ ಕ್ರಮವನ್ನು ಪ್ರಚುರಪಡಿಸಿದರು. ಪಳಗಿದ ಕೈಗೆ ಗಂಟೆಗೆ ಎಂಟುನೂರು ಮರಿಗಳೂ ಕಷ್ಟವಲ್ಲ. ಅಭ್ಯಾಸವಿಲ್ಲದವರು ಇದನ್ನು ಪ್ರಯತ್ನಿಸಬಾರದು, ಮರಿ ಸತ್ತೀತು.

ಇನ್ನೊಂದು ಕ್ರಮ ಇದಕ್ಕಿಂತ ಸ್ವಾರಸ್ಯವಾದುದು. ಮನುಷ್ಯರಲ್ಲಿ ಮಗುವಿನ ಲಿಂಗ ತಂದೆಯಿಂದ ನಿರ್ಣಯವಾದರೆ, ಕೋಳಿಯಲ್ಲಿ ಅದು ತಾಯಿಯಿಂದ. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ತಾಯಿಯಿಂದ ಝಡ್ ಪಡೆದ ಮರಿ ಹುಂಜ; ಡಬ್ಲ್ಯು ಪಡೆದುದು ಹೇಂಟೆ. ಅಂದಮೇಲೆ ತಾಯಿಯ ಝಡ್ ಮೇಲಿರುವ ಗುಣ ಗಂಡುಮರಿಗಳಿಗೆ ಮಾತ್ರ ಇಳಿಯುತ್ತದೆ. ರೆಕ್ಕೆಯ ಗರಿ ನಿಧಾನವಾಗಿ ಮೂಡುವ ಗುಣ ಅಂಥದೊಂದು. ಅದು ಪ್ರಬಲ ಗುಣವೂ ಹೌದು. ನಿಧಾನಗರಿಯ ಹೇಂಟೆಗೆ ಶೀಘ್ರಗರಿಯ ಹುಂಜವನ್ನು ಕೂಡಿಸಿದರೆ ಗಂಡುಮರಿಗಳೆಲ್ಲ ನಿಧಾನ, ಹೆಣ್ಣುಮರಿಗಳೆಲ್ಲ ಶೀಘ್ರ. ರೆಕ್ಕೆಯನ್ನು ಬಿಡಿಸಿದಾಗ ಮುಖ್ಯ ಗರಿಗಳು ಹೊದಿಕೆಯ ಗರಿಗಳಿಗಿಂತ ಉದ್ದವಾಗಿದ್ದರೆ ಅದು ಹೇಂಟೆ. ಮೈಬಣ್ಣದ ಕೆಲವು ಗುಣಗಳೂ ಹೀಗೆಯೇ ಇಳಿಯುವುದರಿಂದ, ಒಂದನೆಯ ಮಹಾಯುದ್ಧದ ಕಾಲದಲ್ಲಿ ಕಾಳನ್ನು ಉಳಿಸಲು ಹುಂಜಮರಿಗಳನ್ನು ಬಣ್ಣ ನೋಡಿ ಬೇರ್ಪಡಿಸಬಹುದೆಂದು ಇಂಗ್ಲೆಂಡಿನ ಪನೆಟ್ ಸೂಚಿಸಿದ್ದನು.

ಆದರೆ ಸಂಕರ ತಿರುವುಮುರುವಾದರೆ ಈ ಗುರುತು ಮಾಯವಾಗುತ್ತದೆ. ನಿಧಾನಗರಿಯ ಶುದ್ಧ ಹುಂಜಕ್ಕೆ ಶೀಘ್ರಗರಿಯ ಹೇಂಟೆ ಸೇರಿದರೆ ಮರಿಗಳೆಲ್ಲ ನಿಧಾನವೇ. ಎಂದರೆ, ತಂದೆತಾಯಿ ಗೊತ್ತಿಲ್ಲದ ಮರಿಯ ರೆಕ್ಕೆಯಾಗಲಿ ಬಣ್ಣವಾಗಲಿ ಏನನ್ನೂ ಹೇಳಲಾರದು. ನಮ್ಮ ಓಣಿಗಳ ಜವಾರಿ ಕೋಳಿಯ ತಂದೆ ಯಾರೆಂದು ಯಾರು ಬಲ್ಲರು?

ಈ ಅಜ್ಞಾನದಲ್ಲಿಯೇ ಹುಸಿ ಪರೀಕ್ಷೆಗಳು ಹುಟ್ಟುವುದು. ಕಾಲು ಹಿಡಿದು ತೂಗಾಡಿಸಿದಾಗ ತಲೆ ಎತ್ತಿದರೆ ಹುಂಜ, ಚೂಪು ಮೊಟ್ಟೆಯಿಂದ ಇಂಥದು, ದುಂಡು ಮೊಟ್ಟೆಯಿಂದ ಅಂಥದು, ದಾರಕ್ಕೆ ಕಟ್ಟಿದ ಸೂಜಿ ಮೊಟ್ಟೆಯ ಮೇಲೆ ಸುತ್ತಿದರೆ ಒಂದು, ತೂಗಿದರೆ ಇನ್ನೊಂದು. ಸೂಜಿಯನ್ನು ಆಡಿಸುವುದು ಹಿಡಿದವನ ಬೆರಳೇ, ಅವನಿಗೇ ಅರಿವಿಲ್ಲದೆ. ಇಂಥ ಲೋಲಕವನ್ನು ಪರೀಕ್ಷಿಸಿದ ಫ್ರಾನ್ಸಿನ ಷೆವ್ರಲ್ ಈ ವಿಷಯವನ್ನು 1833ರಲ್ಲಿ ಆಂಪೇರನಿಗೇ ಪತ್ರಮುಖೇನ ತಿಳಿಸಿದನು. ಆದರೂ ಪರೀಕ್ಷೆಗಳು ಉಳಿದುಕೊಂಡಿವೆ. ಏಕೆಂದರೆ ಸುಮ್ಮನೆ ಊಹಿಸಿದರೂ ಅರ್ಧ ಪಾಲು ಸರಿಯಾಗುತ್ತದೆ. ಹದಿನಾರು ಮಂದಿ ನಾಲ್ಕು ನಾಲ್ಕು ಮರಿ ನೋಡಿ ಹೇಳಿದರೆ, ಸರಾಸರಿ ಒಬ್ಬರದು ನಾಲ್ಕಕ್ಕೆ ನಾಲ್ಕೂ ನಿಜವಾಗಿ ಓಣಿಯಲ್ಲೆಲ್ಲ ಅವರ ಹೆಸರು ಹಬ್ಬುತ್ತದೆ.

ಹಿತ್ತಲಲ್ಲಿ ಸಾಕುವವರಿಗೆ ಕಾಯುವುದೇ ಉಪಾಯ. ಸುಮಾರು ಆರನೆಯ ವಾರಕ್ಕೆ ಓರಗೆಯ ಮರಿಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿರಿ. ಹುಂಜದ ಜುಟ್ಟು ದೊಡ್ಡದು, ಕೆಂಪು, ಕಾಲು ದಪ್ಪ. ಖಚಿತವಾದ ಗುರುತು ಮೂರನೆಯ ತಿಂಗಳ ಹೊತ್ತಿಗೆ ಬರುತ್ತದೆ: ಕತ್ತಿನಲ್ಲಿ ಮತ್ತು ಬಾಲದ ಬುಡದಲ್ಲಿ ಹುಂಜಕ್ಕೆ ಚೂಪಾದ ಹೊಳೆಯುವ ಗರಿಗಳು, ಹೇಂಟೆಗೆ ದುಂಡು ತುದಿಯವು. ಈ ದುಂಡುತನ ಅಂಡಾಶಯದ ಈಸ್ಟ್ರೊಜೆನ್ನಿನ ಕೆಲಸ. ಅಂಡಾಶಯ ಕೆಟ್ಟ ಮುದಿ ಹೇಂಟೆಗೆ ಹುಂಜದ ಗರಿ ಬಂದು, ಅದು ಕೂಗುವುದೂ ಉಂಟು. ಅಪಶಕುನವೆಂದು ಅದರ ಕತ್ತು ಮುರಿಯುವವರು ಇದನ್ನು ತಿಳಿಯಬೇಕು.

ಜಾತಿಯ ಮಾತಿಗೆ ಬಂದರೆ, ಬುಟ್ಟಿಯ ಬಣ್ಣವೇ ಗುಟ್ಟನ್ನು ಬಿಟ್ಟುಕೊಟ್ಟಿತ್ತು! ಗುಲಾಬಿ ನೀಲಿಗಳು ಚೆನ್ನಾಗಿ ಹತ್ತುವುದು ಹಳದಿ ತುಪ್ಪಳಕ್ಕೆ. ಅಂಥ ಮರಿ ಸಾಮಾನ್ಯವಾಗಿ ಬಿಳಿಯ ಗರಿಯದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ವಿಜ್ಞಾನಿಗಳು ರೂಪಿಸಿದ ಗಿರಿರಾಜವಾದರೋ ಬಣ್ಣಬಣ್ಣದ ಗರಿಯ ಕೋಳಿ. ಹೈದರಾಬಾದಿನ ವನರಾಜವೂ ಅಷ್ಟೆ. ಇವೆರಡನ್ನೂ ಜವಾರಿಯನ್ನೂ ಎಳೆಯದರಲ್ಲಿ ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ. ತಕ್ಕಡಿ ಹೆಚ್ಚು ನಂಬಿಕಸ್ಥ ಸಾಕ್ಷಿ: ಚೆನ್ನಾಗಿ ಮೇದ ಗಿರಿರಾಜ ಎರಡು ತಿಂಗಳಿಗೆ ಒಂದು ಕಿಲೋ ಸಮೀಪಿಸುವಾಗ, ಜವಾರಿ ಮರಿ ಅದರ ಅರ್ಧ ತೂಗುವುದೂ ವಿರಳ. ಎಲ್ಲಕ್ಕಿಂತ ಸುಲಭವೆಂದರೆ ಹುಟ್ಟು ಗೊತ್ತಿರುವ ಕಡೆ ಕೊಳ್ಳುವುದು. ಸ್ವರ್ಣಧಾರಾ ತಳಿಯನ್ನು ಹೊರತಂದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ನಮ್ಮ ಬೀದರಿನಲ್ಲಿಯೇ ಇದೆ.

ಅತ್ತೆಯವರು ಈ ಸಲ ಆರು ವಾರದ ಐದು ಮರಿಗಳನ್ನು ಜುಟ್ಟು ನೋಡಿಯೇ ತಂದಿದ್ದಾರೆ. ನಾಲ್ಕು ಹೇಂಟೆಗಳೆಂಬುದರಲ್ಲಿ ನಮಗಿಬ್ಬರಿಗೂ ಸಂಶಯವಿಲ್ಲ. ಐದನೆಯದು ಹುಂಜವೆಂದು ನಾನು, ಅಲ್ಲವೆಂದು ಅವರು. ಅದು ಇನ್ನೂ ಕೂಗಿಲ್ಲ.